ಮರಳೂ ಮೋಟಾರೂ

ಅಕ್ವೇರಿಯಂ ಅಂಗಡಿಗಳಲ್ಲಿ ಮರಳು, ಜಲ್ಲಿ ಸಿಗುವುದು ಬಾಗಿಲ ಬಳಿಯ ಚೀಲಗಳಲ್ಲಿ. ಪಂಪು, ಫಿಲ್ಟರುಗಳು ನೇತಾಡುವುದು ಗಲ್ಲಾದ ಹಿಂದಿನ ಗೋಡೆಯಲ್ಲಿ. ಕೊಳ್ಳುವವರು ಮೊದಲನೆಯದನ್ನು ಬಣ್ಣ ನೋಡಿ ಆರಿಸುತ್ತಾರೆ, ಎರಡನೆಯದನ್ನು ಬೆಲೆ ಕೇಳಿ. ಮೀನನ್ನು ಆರಿಸುವ ಅಧಿಕಾರ ಮಾತ್ರ ಮಕ್ಕಳದು. ಹೀಗೆ ಮೂರು ದಿಕ್ಕಿನಿಂದ ಬಂದವು ಎರಡಡಿಯ ಗಾಜಿನ ಪೆಟ್ಟಿಗೆಯೊಳಗೆ ಒಟ್ಟಿಗೆ ಬಾಳಬೇಕು. ತಿಂಗಳೊಪ್ಪತ್ತಿನಲ್ಲಿ ನೀರು ಮಬ್ಬಾಗಿ, ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದರೆ ತಪ್ಪು ಹೊರುವುದು ಮೀನೇ: 'ಈ ಜಾತಿ ಬಾಳಿಕೆ ಬರೋದಿಲ್ಲ ಬಿಡಿ.' ತಳಕ್ಕೆ ಏನು ಹಾಸಬೇಕು ಎಂಬುದನ್ನೂ ನೀರನ್ನು ಎಷ್ಟು ಓಡಾಡಿಸಬೇಕು ಎಂಬುದನ್ನೂ ಬೇರೆ ಬೇರೆಯಾಗಿ ತೀರ್ಮಾನಿಸುವುದರಲ್ಲೇ ಎಡವಟ್ಟಿದೆ ಎಂಬುದು ನನ್ನ ವಾದ. ಒಂದನ್ನು ಆರಿಸಿದ ಮೇಲೆ ಇನ್ನೊಂದು ಮುಕ್ಕಾಲು ಪಾಲು ತೀರ್ಮಾನವಾಗಿಯೇ ಹೋಗಿರುತ್ತದೆ. ಅದು ನಮಗೆ ತಿಳಿದಿರುವುದಿಲ್ಲ, ಅಷ್ಟೆ. ಇವೆರಡನ್ನೂ ಆರಿಸುವ ಮೊದಲು ವಿಚಾರಿಸಬೇಕಾದದ್ದು ಮೀನಿನ ತವರನ್ನು.

ಹೊಳೆಯಲ್ಲಿ ಈ ಗೊಂದಲವಿಲ್ಲ. ಅಲ್ಲಿ ತಳವನ್ನು ಹಾಸುವುದು ಹರಿವೇ. ನೇತ್ರಾವತಿಯನ್ನು ತೆಗೆದುಕೊಳ್ಳಿ. ಘಟ್ಟ ಇಳಿಯುವ ಅದರ ತೊರೆಗಳಲ್ಲಿ ತಳವೆಂದರೆ ಬಂಡೆ, ಗುಂಡುಕಲ್ಲು. ಇಳಿಜಾರು ತಗ್ಗಿದಂತೆ ಬೆಣಚು, ನೊರಜು. ಬಂಟ್ವಾಳದ ಆಸುಪಾಸಿಗೆ ಮರಳಿನ ದಿಣ್ಣೆಗಳು, ಮಂಗಳೂರಿನ ಅಳಿವೆಯಲ್ಲಿ ಕೆಸರು. ವೇಗ ಇಳಿದಲ್ಲೆಲ್ಲ ನೀರು ತನ್ನಿಂದ ಹೊರಲಾಗದ್ದನ್ನು ಕೆಳಗಿಳಿಸಿ ಮುಂದೆ ಹೋಗುತ್ತದೆ. ತಳದ ಕಣದ ಗಾತ್ರ ನೋಡಿದರೆ ಮಳೆಗಾಲದಲ್ಲಿ ಅಲ್ಲಿ ನೀರು ಎಷ್ಟು ಜೋರಾಗಿ ಹೋಗಿತ್ತೆಂದು ಊಹಿಸಬಹುದು. ಸ್ವೀಡನ್ನಿನ ಭೂಗೋಳಜ್ಞ ಫಿಲಿಪ್ ಯೂಲ್‌ಸ್ಟ್ರೋಮ್ 1935ರಲ್ಲಿ ಇದನ್ನೇ ಒಂದು ರೇಖಾಚಿತ್ರದಲ್ಲಿ ಹಿಡಿದಿಟ್ಟ. ಸಣ್ಣ ಮರಳನ್ನು ತಳದಿಂದ ಎಬ್ಬಿಸಲು ಸೆಕೆಂಡಿಗೆ 20 ಸೆಂಟಿಮೀಟರ್ ಆಸುಪಾಸಿನ ವೇಗ ಸಾಕು, ಜಲ್ಲಿಗೆ ಅದರ ಹಲವು ಪಟ್ಟು ಬೇಕು. ಆ ಚಿತ್ರದಲ್ಲಿರುವ ಸ್ವಾರಸ್ಯವೆಂದರೆ, ಮರಳಿಗಿಂತ ನುಣುಪಾದ ಜೇಡಿಯನ್ನು ಎಬ್ಬಿಸುವುದೂ ಕಷ್ಟವೇ. ಅದರ ಕಣಗಳು ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಎದ್ದವೆಂದರೆ ಮಾತ್ರ ಸುಲಭಕ್ಕೆ ಕೂರುವುದಿಲ್ಲ. ಟ್ಯಾಂಕಿನ ತಳಕ್ಕೆ ತೋಟದ ಮಣ್ಣು ಹಾಕಿ, ಒಂದು ಗಿಡವನ್ನು ಕಿತ್ತು ಬೇರೆಡೆ ನೆಟ್ಟವರಿಗೆ ಆಮೇಲೆ ಎರಡು ದಿನ ಒಳಗೆ ಏನೂ ಕಾಣದಿರುವುದು ಇದೇ ಕಾರಣಕ್ಕೆ.

ಮೀನಿನ ಮೈ ಕಟ್ಟಿರುವುದೂ ಇಂಥ ಜೋಡಿಗೆ ತಕ್ಕಂತೆ. ಪಶ್ಚಿಮ ಘಟ್ಟದ ತೊರೆಗಳಲ್ಲಿರುವ ಭವಾನಿಯಾ ಎಂಬ ಬೆರಳುದ್ದದ ಮೀನಿನ ಹೊಟ್ಟೆ ಚಪ್ಪಟೆ. ಎದೆಯ ರೆಕ್ಕೆಗಳನ್ನು ಅಗಲಿಸಿ ಕಲ್ಲಿಗೆ ಒತ್ತಿ ಹಿಡಿದರೆ ನೊರೆನೀರೂ ಅದನ್ನು ಕೀಳಲಾರದು. ಕೊಡಗಿನಲ್ಲಿ ಹುಟ್ಟಿ ಕಾಸರಗೋಡಿಗೆ ಇಳಿಯುವ ಚಂದ್ರಗಿರಿಯಲ್ಲೂ ಕೇರಳದ ಇತರ ಘಟ್ಟದ ಹೊಳೆಗಳಲ್ಲೂ ಸಿಗುವ, ವ್ಯಾಪಾರದಲ್ಲಿ 'ಮಿಸ್ ಕೇರಳ' ಎಂದು ಹೆಸರಾದ ಕೆಂಪುಗೆರೆಯ ಮೀನು ಬಾಣದ ಹಾಗೆ ನೀಳ, ಸೆಳವಿಗೆ ಎದುರಾಗಿ ಈಜಲೆಂದೇ ಹುಟ್ಟಿದ್ದು. ಇನ್ನೊಂದು ಕಡೆ ನಮ್ಮ ಅಂಗಡಿಗಳ 'ಫೈಟರ್'. ಅದರ ಮೂಲ ಥಾಯ್ಲೆಂಡಿನ ಗದ್ದೆ, ಜೌಗು, ನಿಂತ ನೀರು. ನೀರಿನಲ್ಲಿ ಆಮ್ಲಜನಕ ಸಾಲದಿದ್ದರೆ ಮೇಲಕ್ಕೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುವ ವಿಶೇಷ ಅಂಗ ಅದಕ್ಕಿದೆ. ಸಾಲದೆಂಬಂತೆ, ಸಾಕುವವರು ತಲೆಮಾರುಗಳಿಂದ ಅದಕ್ಕೆ ಸೆರಗಿನಂಥ ರೆಕ್ಕೆ ಬೆಳೆಸಿದ್ದಾರೆ. ಅದನ್ನು ಜೋರು ಪಂಪಿನ ಮುಂದೆ ಬಿಡುವುದೆಂದರೆ ಹಿಂಸೆ. ದಕ್ಷಿಣ ಅಮೆರಿಕದ ಕೋರಿ ಮೀನು ಮೀಸೆಯಿಂದ ಮರಳು ಕೆದಕಿ ತಿನ್ನುವ ಜಾತಿಯದು. ಚೂಪು ಜಲ್ಲಿಯಲ್ಲಿ, ಅದರಲ್ಲೂ ಹೊಲಸು ಕೂತ ಜಲ್ಲಿಯಲ್ಲಿ ಆ ಮೀಸೆ ಸವೆದು ಮೊಂಡಾಗುತ್ತದೆ. ಗೋಲ್ಡ್ ಫಿಶ್ ತಳವನ್ನು ಬಾಯಿ ತುಂಬ ಎತ್ತಿ, ಸೋಸಿ, ಉಗುಳುತ್ತದೆ. ಮರಳಾದರೆ ಉಗುಳಬಲ್ಲದು, ಗೋಲಿಗಾತ್ರದ ಕಲ್ಲಾದರೆ ಎತ್ತುವುದೇ ಇಲ್ಲ. ಅಪಾಯವಿರುವುದು ನಡುವಿನ ಗಾತ್ರದಲ್ಲಿ, ಅದು ಬಾಯಿಯಲ್ಲಿ ಸಿಕ್ಕಿಕೊಳ್ಳಬಹುದು. ನಮ್ಮ ಅಂಗಡಿಗಳಲ್ಲಿ ಹೇರಳವಾಗಿ ಸಿಗುವುದೂ ಆ ನಡುವಿನ ಗಾತ್ರವೇ.

ಇನ್ನು ಲೆಕ್ಕಕ್ಕೆ ಬರೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ಹಿಡಿಯುವುದು ಸುಮಾರು 54 ಲೀಟರ್. ತಳಕ್ಕೆ 5 ಸೆಂಟಿಮೀಟರ್ ದಪ್ಪ ಹಾಸಿದರೆ 9 ಲೀಟರ್ ಜಲ್ಲಿ, ಹದಿಮೂರು ಹದಿನಾಲ್ಕು ಕಿಲೋ. ಜಲ್ಲಿ 3 ಮಿಲಿಮೀಟರ್ ಗಾತ್ರದ್ದೆಂದೂ ಸಂದುಗಳು ನೂರಕ್ಕೆ ನಲವತ್ತು ಎಂದೂ ಇಟ್ಟುಕೊಂಡರೆ, ಆ ಹರಳುಗಳ ಹೊರಮೈಯನ್ನೆಲ್ಲ ಬಿಡಿಸಿ ಹಾಸಿದಾಗ ಸುಮಾರು 11 ಚದರ ಮೀಟರ್ ಆಗುತ್ತದೆ. ಹತ್ತಡಿಗೆ ಹನ್ನೆರಡಡಿಯ ಕೋಣೆಯ ನೆಲದಷ್ಟು. ಟ್ಯಾಂಕಿನ ಒಳಗಾಜು ಒಟ್ಟು ಮುಕ್ಕಾಲು ಚದರ ಮೀಟರೂ ಇಲ್ಲ. ಮೀನು ಕಿವಿರಿನಿಂದ ಬಿಡುವ ಅಮೋನಿಯಾ ಅದಕ್ಕೇ ವಿಷ. ಅದನ್ನು ಮೊದಲು ನೈಟ್ರೈಟಾಗಿ, ಆಮೇಲೆ ಅಷ್ಟೇನೂ ಕೆಡುಕಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದಕ್ಕಿಂತ ಇಂಥ ಮೈಗಳಿಗೆ ಅಂಟಿಕೊಂಡು ಬದುಕುವುದೇ ಹೆಚ್ಚು. ಹಾಗಾದರೆ ಇನ್ನೂ ಸಣ್ಣ ಕಣ ಹಾಕೋಣ ಎನ್ನುತ್ತೀರಿ. ಸರಿ, 1 ಮಿಲಿಮೀಟರ್ ಮರಳು ಹಾಕಿ. ಹೊರಮೈ ಮೂರು ಪಟ್ಟಾಗಿ 30 ಚದರ ಮೀಟರ್ ದಾಟುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಫ್ರಾನ್ಸಿನ ದಿಜೋನ್ ಊರಿಗೆ ನೀರು ಕೊಡುವ ಕೆಲಸದಲ್ಲಿದ್ದ ಆನ್ರಿ ಡಾರ್ಸಿ ಮರಳಿನ ಮೂಲಕ ನೀರು ಹಾಯುವ ನಿಯಮವನ್ನು 1856ರಲ್ಲಿ ಪ್ರಕಟಿಸಿದ. ಅಮೆರಿಕದ ಆಲನ್ ಹೇಜನ್ 1892ರಲ್ಲಿ ಕಣದ ಗಾತ್ರವನ್ನು ಅದಕ್ಕೆ ಜೋಡಿಸಿದ. ನೀರು ಹಾಯುವ ಸುಲಭತೆ ಕಣದ ಗಾತ್ರದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಅಂದರೆ ಕಣವನ್ನು ಮೂರರಲ್ಲಿ ಒಂದು ಮಾಡಿದರೆ ಹೊರಮೈ ಮೂರು ಪಟ್ಟು ಹೆಚ್ಚುತ್ತದೆ, ನೀರಿನ ಹಾಯುವಿಕೆ ಒಂಬತ್ತರಲ್ಲಿ ಒಂದಕ್ಕೆ ಕುಸಿಯುತ್ತದೆ. ನಮ್ಮ ಪ್ರಶ್ನೆಯ ತಿರುಳೇ ಇದು.

ಯಾಕೆಂದರೆ ಆ ಬ್ಯಾಕ್ಟೀರಿಯಾಗಳಿಗೆ ಜಾಗವೊಂದಿದ್ದರೆ ಸಾಲದು, ಉಸಿರೂ ಬೇಕು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟಾಗಿಸಲು ನಾಲ್ಕೂವರೆ ಮಿಲಿಗ್ರಾಮಿಗಿಂತ ಹೆಚ್ಚು ಆಮ್ಲಜನಕ ಖರ್ಚಾಗುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರು ಹಿಡಿದಿಡುವುದೇ ಎಂಟು ಚಿಲ್ಲರೆ ಮಿಲಿಗ್ರಾಂ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯ ಮನೆಗಳಲ್ಲಿ ನೀರು 30 ಡಿಗ್ರಿಗೆ ಏರಿದರೆ ಅದೂ ಏಳೂವರೆಗೆ ಇಳಿಯುತ್ತದೆ. ಆಮ್ಲಜನಕ ತಾನಾಗಿಯೇ ಹರಡಿಕೊಂಡು ಕೆಳಗೆ ಹೋಗಲಿ ಎಂದು ಬಿಟ್ಟರೆ, ಅಲ್ಲಾಡದ ನೀರಿನಲ್ಲಿ ಒಂದು ಸೆಂಟಿಮೀಟರ್ ದಾಟಲು ಸುಮಾರು ಏಳು ಗಂಟೆ. ಐದು ಸೆಂಟಿಮೀಟರಿಗೆ ಅದರ ಐದು ಪಟ್ಟಲ್ಲ, ಇಪ್ಪತ್ತೈದು ಪಟ್ಟು, ಅಂದರೆ ಒಂದು ವಾರ. ಮರಳಿನ ಸಂದಿಯಲ್ಲಿ ಇನ್ನೂ ನಿಧಾನ. ಹೀಗಾಗಿ ನುಣುಪು ಮರಳಿನ ಹಾಸಿನಲ್ಲಿ ದುಡಿಯುವುದು ಮೇಲಿನ ತೆಳು ಪದರ ಮಾತ್ರ. ಕಾಗದದ ಮೇಲಿನ 30 ಚದರ ಮೀಟರಿನಲ್ಲಿ ಬಹುಪಾಲು ಆ ಕೆಲಸಕ್ಕೆ ಬಾರದು. ದಪ್ಪ ಜಲ್ಲಿಯಲ್ಲಿ ಸೆಳವು ಒಳಕ್ಕೂ ನುಸುಳುತ್ತದೆ, ಆದರೆ ಅದರ ಜತೆಯಲ್ಲೇ ತಿಂದುಳಿದ ಕಾಳು, ಹಿಕ್ಕೆ, ಕೊಳೆತ ಎಲೆಯೂ ಇಳಿದು ಕಣ್ಣಿಗೆ ಬೀಳದಂತೆ ಕೂರುತ್ತವೆ. ಮರಳಿನಲ್ಲಾದರೆ ಹೊಲಸು ಮೇಲೆಯೇ ಉಳಿಯುತ್ತದೆ. ನೋಡಲು ಅಸಹ್ಯ, ಆದರೆ ಪೈಪು ಹಿಡಿದು ಹೀರಲು ಸಲೀಸು. 'ಜಲ್ಲಿ ಹಾಕಿದ ಮೇಲೆ ಟ್ಯಾಂಕು ಚೊಕ್ಕವಾಗಿದೆ' ಎನ್ನುವವರು ಒಮ್ಮೆ ಕೈಯಾಡಿಸಿ ನೋಡಬೇಕು.

ಆದ್ದರಿಂದ ಜೋಡಿ ಹೀಗೆ ಕೂಡುತ್ತದೆ: ಜಲ್ಲಿ ಹಾಕಿದರೆ ಅದರ ಮೂಲಕವೇ ನೀರು ಎಳೆಯುವ ಏರ್ಪಾಡು, ಇಲ್ಲವೇ ವಾರಕ್ಕೊಮ್ಮೆ ಜಲ್ಲಿಯೊಳಕ್ಕೆ ಪೈಪು ಇಳಿಸಿ ಹೊಲಸು ಹೀರುವ ಶಿಸ್ತು; ಮರಳು ಹಾಕಿದರೆ ತೆಳುವಾದ ಹಾಸು, ಅದರ ಮೇಲೆ ಮೆಲ್ಲಗೆ ಗುಡಿಸಿಕೊಂಡು ಹೋಗುವ ಹರಿವು, ಬ್ಯಾಕ್ಟೀರಿಯಾಗಳಿಗೆ ಬೇರೆಡೆ ಸ್ಪಂಜಿನ ಮನೆ. ಜಲ್ಲಿಯಡಿ ತೂತಿನ ತಟ್ಟೆಯಿಟ್ಟು ಗಾಳಿಗುಳ್ಳೆಯ ಎಳೆತದಿಂದ ನೀರಿಳಿಸುವ ಅಂಡರ್‌ಗ್ರಾವೆಲ್ ಫಿಲ್ಟರನ್ನು ಈಗ ಹಳೇ ಕಾಲದ್ದೆಂದು ಮೂಗು ಮುರಿಯುತ್ತಾರೆ. ತಳ ಮತ್ತು ಹರಿವು ಒಂದೇ ಯಂತ್ರವೆಂದು ಒಪ್ಪಿಕೊಂಡು ಮಾಡಿದ ಸಾಧನ ಅದು, ಅದರ ಬಗ್ಗೆ ನನಗೆ ಗೌರವವಿದೆ. ಕೆಟ್ಟ ಹೆಸರು ಬಂದದ್ದು ಅದರ ಮೇಲೆ ನುಣುಪು ಮರಳು ಸುರಿದವರಿಂದ, ವರ್ಷಗಟ್ಟಲೆ ತಟ್ಟೆಯಡಿಯ ಗಸಿ ತೆಗೆಯದವರಿಂದ.

ಮರಳು ದಪ್ಪವಾಗಿದ್ದರೆ ಕೆಳಗೆ ಕಪ್ಪು ಪದರ ಕಟ್ಟುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟಿ ಮೀನು ಸಾಯುತ್ತದೆ ಎಂಬ ಹೆದರಿಕೆಯೂ ಇದೆ. ಅನಿಲ ಹುಟ್ಟುವುದು ನಿಜ. ಅದು ಮೆಲ್ಲಗೆ ಮೇಲೇರಿದರೆ ಆಮ್ಲಜನಕವಿರುವ ನೀರನ್ನು ಸೇರಿದಾಗ ವಿಷ ಕಳೆದುಕೊಳ್ಳುತ್ತದೆ. ಕೆಡುಕಾಗುವುದು ದಪ್ಪ ಹಾಸನ್ನು ಒಂದೇ ಏಟಿಗೆ ಅಗೆದಾಗ. ಮೂರು ಸೆಂಟಿಮೀಟರಿನೊಳಗಿನ ಹಾಸಿಗೆ ಈ ಚಿಂತೆ ಕಡಿಮೆ. ದಪ್ಪವೇ ಬೇಕೆಂದರೆ ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಶಂಕುವಿನಾಕಾರದ ಉದ್ದ ಬಸವನಹುಳುವನ್ನು ನಾಲ್ಕಾರು ಬಿಡಿ. ಹಗಲು ಮರಳಿನೊಳಗಿದ್ದು ರಾತ್ರಿ ಹೊರಬರುವ ಅದು ಹಾಸನ್ನು ಪುಕ್ಕಟೆಯಾಗಿ ಉತ್ತುಕೊಡುತ್ತದೆ. ನಾಲ್ಕಾರು ನಾನೂರಾಗುವುದು ಬೇರೆ ವಿಷಯ. ಅದು ನೀವು ಹಾಕುವ ಕಾಳಿನ ಅಳತೆಯನ್ನು ಹೇಳುತ್ತದೆ.

ಪಂಪಿನ ಕಡೆಗೆ ಹೊರಳಿದರೆ, ಡಬ್ಬಿಯ ಮೇಲೆ ಬರೆದಿರುವುದು ಗಂಟೆಗೆ ಇಷ್ಟು ಲೀಟರ್ ಎಂದು. ಟ್ಯಾಂಕಿನ ನೀರು ಗಂಟೆಗೆ ನಾಲ್ಕೈದು ಸಲವಾದರೂ ಫಿಲ್ಟರಿನಲ್ಲಿ ಹಾಯಬೇಕೆಂಬುದು ರೂಢಿಯ ಮಾತು, ತಪ್ಪೇನಲ್ಲ. ಆದರೆ ಆ ಅಂಕಿ ಸ್ಪಂಜು, ಹರಳು ಯಾವುದೂ ಇಲ್ಲದ ಬರೀ ಪಂಪಿನದು, ಮನೆಯಲ್ಲಿ ಅಷ್ಟು ಬರುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಲೀಟರಿನ ಲೆಕ್ಕ ವೇಗವನ್ನು ಹೇಳುವುದಿಲ್ಲ. ಗಂಟೆಗೆ 600 ಲೀಟರಿನ ಪಂಪು 12 ಮಿಲಿಮೀಟರ್ ಮೂತಿಯಿಂದ ನೀರು ಬಿಟ್ಟರೆ ಅದು ಹೊರಬೀಳುವ ವೇಗ ಸೆಕೆಂಡಿಗೆ ಹೆಚ್ಚೂಕಡಿಮೆ ಒಂದೂವರೆ ಮೀಟರ್. ಯೂಲ್‌ಸ್ಟ್ರೋಮನ 20 ಸೆಂಟಿಮೀಟರ್ ನೆನಪಿಗೆ ತಂದುಕೊಳ್ಳಿ: ಆ ಮೂತಿಯನ್ನು ಕೆಳಮುಖ ಮಾಡಿದರೆ ಬೆಳಗಾಗುವಷ್ಟರಲ್ಲಿ ಮರಳಿನಲ್ಲಿ ಗುಂಡಿ ಬಿದ್ದು ಗಾಜಿನ ತಳ ಕಾಣುತ್ತದೆ. ಅದೇ 600 ಲೀಟರನ್ನು ತೂತುಗಳ ಅಡ್ಡಪೈಪಿನಿಂದ ನೀರಿನ ಮೇಲ್ಮೈಗುಂಟ ಬಿಟ್ಟರೆ, ಅದು ಮೇಲೆ ಸುಕ್ಕೆಬ್ಬಿಸುತ್ತ ಎದುರಿನ ಗಾಜಿಗೆ ತಾಗಿ, ಕೆಳಗಿಳಿದು, ತಳವನ್ನು ಸವರಿಕೊಂಡು ಹಿಂದಿರುಗುತ್ತದೆ. ಗಾಳಿಯ ಆಮ್ಲಜನಕ ಒಳಗೆ ಬರುವುದು ಮುಖ್ಯವಾಗಿ ಆ ಸುಕ್ಕಿನಲ್ಲಿ. ಗುಳ್ಳೆಗಳು ಮಾಡುವ ಉಪಕಾರವೂ ಹೆಚ್ಚಾಗಿ ಇದೇ: ತಳದ ನೀರನ್ನು ಮೇಲಕ್ಕೆತ್ತಿ ಮೇಲ್ಮೈಯನ್ನು ಒಡೆಯುತ್ತವೆ. ಒಂದಡಿ ಎತ್ತರದ ಟ್ಯಾಂಕಿನಲ್ಲಿ ಕ್ಷಣದೊಳಗೆ ಮೇಲೇರಿ ಒಡೆಯುವ ಗುಳ್ಳೆಯಿಂದ ನೇರವಾಗಿ ಕರಗುವುದು ಕೊಂಚವೇ. ಇಷ್ಟಾದ ಮೇಲೂ ಹರಿವು ಸಾಯುವ ಒಂದು ಮೂಲೆ ಇದ್ದೇ ಇರುತ್ತದೆ. ಹೊಲಸು ಗುಡ್ಡೆಯಾಗುವ ಜಾಗವೇ ಅದು. ಇನ್ನೊಂದು ಪಂಪು ತಂದು ಅದನ್ನು ಅಳಿಸಹೊರಡುವುದಕ್ಕಿಂತ ಪೈಪನ್ನು ಅಲ್ಲಿಗೇ ಇಳಿಸುವುದು ಜಾಣತನ.

ಈಗ ಆಕ್ಷೇಪಗಳು. ತಳಕ್ಕೆ ಏನೂ ಹಾಕದಿದ್ದರೆ ಈ ರಗಳೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಮೀನುಮರಿ ಸಾಕಣೆಗೆ ಹೆಸರಾದ ಚೆನ್ನೈನ ಕೊಳತ್ತೂರಿನಂಥ ಕಡೆ ಬರಿದಾದ ಸಿಮೆಂಟು ತೊಟ್ಟಿ, ಗಾಜಿನ ತೊಟ್ಟಿಗಳಲ್ಲೇ ವ್ಯವಹಾರ ನಡೆಯುತ್ತದೆ, ಸರಿಯಾಗಿಯೇ ನಡೆಯುತ್ತದೆ. ಅಲ್ಲಿ ಹೊಲಸು ತೆಗೆಯುವುದು, ನೀರು ಬದಲಾಯಿಸುವುದು ದಿನದ ದುಡಿಮೆ. ತಳವಿಲ್ಲದ್ದಕ್ಕೆ ಆ ಕೈ ಜೋಡಿಯಾಗಿದೆ. ಹದಿನೈದು ದಿನಕ್ಕೊಮ್ಮೆ ನೆನಪಾಗುವ ಮನೆಯ ಟ್ಯಾಂಕಿನಲ್ಲಿ ಬರಿ ಗಾಜು ಬ್ಯಾಕ್ಟೀರಿಯಾಗೂ ನೆಲೆಯಲ್ಲ, ಕೆದಕುವ ಮೀನಿಗೂ ಕೆಲಸವಿಲ್ಲ. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ: ಪಂಪೇ ಇಲ್ಲದೆ ಟ್ಯಾಂಕು ನಡೆದಿಲ್ಲವೇ? ನಡೆದಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಮರಳು, ಮಣ್ಣು, ಕಲ್ಲು ಹಾಸಿದ ಪಾತ್ರೆಯಲ್ಲಿ ಎರಡು ಗೋಲ್ಡ್ ಫಿಶ್, ವ್ಯಾಲಿಸ್ನೇರಿಯ ಗಿಡ, ಕೊಳೆತ ಎಲೆ ತಿನ್ನಲು ಬಸವನಹುಳು ಇಷ್ಟನ್ನೇ ಇಟ್ಟು ಸಮತೋಲ ಸಾಧಿಸಿದ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರ ತಮ್ಮ ಪುಸ್ತಕದಲ್ಲಿ ಮಣ್ಣಿನ ಮೇಲೆ ತೆಳುವಾಗಿ ಜಲ್ಲಿ ಹೊದಿಸಿ, ಗಿಡ ದಟ್ಟವಾಗಿ ಬೆಳೆಸಿ, ನೀರನ್ನು ಕಡಿಮೆ ಅಲ್ಲಾಡಿಸುವ ವಿಧಾನವನ್ನು ಕಾರಣಸಹಿತ ವಿವರಿಸಿದರು. ಇವು ನನ್ನ ವಾದವನ್ನು ಮುರಿಯುವುದಿಲ್ಲ. ಗೋಡುಮಣ್ಣಿಗೆ ನಿಂತ ನೀರು ಜೋಡಿ, ನಮ್ಮ ಕೆರೆಯಂಗಳದಲ್ಲಿರುವ ಹಾಗೆ. ಅಲ್ಲಿ ಅಮೋನಿಯಾವನ್ನು ಗಿಡ ನೇರವಾಗಿ ಹೀರುತ್ತದೆ, ಬೇರು ತಳಕ್ಕೆ ಆಮ್ಲಜನಕ ಇಳಿಸುತ್ತದೆ. ಗಿಡವಿಲ್ಲದೆ, ಮೀನನ್ನು ಮಾತ್ರ ದುಪ್ಪಟ್ಟು ಮಾಡಿ ಇದನ್ನು ಅನುಕರಿಸಿದರೆ ಸೋಲುತ್ತದೆ. ಇನ್ನೊಂದು ತುದಿಯಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ತೆರೆದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂಗೆ ಆತ ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡ ಕತ್ತಲ ಜಲಾಶಯವನ್ನು ಕಟ್ಟಿಸಿ, ಕಡಲ ನೀರನ್ನು ಹಗಲಿರುಳು ಸುತ್ತಿಸಿದ. ಗಿಡ ಕಡಿಮೆ, ಜೀವಿಗಳು ಹೆಚ್ಚು ಇದ್ದಲ್ಲಿ ಹರಿವೇ ಆಸರೆ ಎಂದು ಅವನಿಗೆ ಗೊತ್ತಿತ್ತು.

ಹಜಾರದ ಅಂದಕ್ಕೆ ಇಡುವ ಟ್ಯಾಂಕಿಗೆ ಇಷ್ಟೆಲ್ಲ ಯಾಕೆ, ನೀಲಿ ಹರಳು ಹಾಕಿದರೆ ಆಗದೇ ಎಂಬ ಪ್ರಶ್ನೆಗೆ ಅಂದದ ಮಾತಿನಲ್ಲೇ ಉತ್ತರಿಸಬಹುದು: ಬಹಳಷ್ಟು ಮೀನುಗಳು ತಳದ ಬಣ್ಣಕ್ಕೆ ತಕ್ಕಂತೆ ಮೈಬಣ್ಣ ಹೊಂದಿಸಿಕೊಳ್ಳುತ್ತವೆ, ಬಿಳಿ ಹರಳಿನ ಮೇಲೆ ಬಿಳಚಿಕೊಳ್ಳುತ್ತವೆ. ಕಾಸು ಕೊಟ್ಟದ್ದು ಮೀನಿನ ಬಣ್ಣಕ್ಕೆ ತಾನೆ? ಬಿಳಿ ಚೂರುಗಳಲ್ಲಿ ಕೆಲವು ಹವಳದ್ದಾಗಿರುತ್ತವೆ. ಹವಳ ಕಾನೂನಿನ ರಕ್ಷಣೆಯಲ್ಲಿರುವುದು ಹಾಗಿರಲಿ, ಅದು ಕರಗಿ ನೀರಿನ ಗಡಸುತನ ಏರಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಇದೂ ಸೇರಿದರೆ ಮೆದು ನೀರಿನ ಟೆಟ್ರಾ ಮೀನುಗಳಿಗೆ ಉಳಿಗಾಲವಿಲ್ಲ. ಒಂದೆರಡು ಹರಳಿನ ಮೇಲೆ ವಿನಿಗರ್ ಬಿಟ್ಟು ನೊರೆ ಬರುವುದೇ ನೋಡಿದರೆ ತಿಳಿಯುತ್ತದೆ. ಮನೆ ಕಟ್ಟಲು ತಂದ ಎಂ-ಸ್ಯಾಂಡ್ ಮಿಕ್ಕಿದೆ, ಅದನ್ನೇ ಹಾಕೋಣವೇ ಎಂಬುದು ನಮ್ಮ ಕಾಲದ ಪ್ರಶ್ನೆ. ಗ್ರಾನೈಟಿನದಾದರೆ ನೀರನ್ನು ಕೆಡಿಸದು. ಆದರೆ ಕ್ರಷರಿನಲ್ಲಿ ಒಡೆದ ಕಣ ಹೊಳೆಯಲ್ಲಿ ಉರುಳಿ ನಯವಾದದ್ದಲ್ಲ, ಅದರ ಅಂಚು ಚೂಪು. ದೂಳು ಹೋಗುವ ತನಕ ತೊಳೆಯಲು ತಾಳ್ಮೆಯೂ ಬೇಕು. ಮೇಲ್ನೀರಿನಲ್ಲಿ ಈಜುವ ಮೀನಿಗೆ ನಡೆದೀತು, ಕೋರಿಗೆ ಸಲ್ಲದು.

ಕರೆಂಟಿನ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹರಿವನ್ನೇ ನಂಬಿ ಮೀನು ತುಂಬಿದ ಟ್ಯಾಂಕಿಗೆ ಕರೆಂಟು ಹೋಗುವುದೆಂದರೆ ಉಸಿರು ನಿಂತಂತೆ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನೊಳಗಿನ ಬ್ಯಾಕ್ಟೀರಿಯಾ ಅಲ್ಲಿ ಸಿಕ್ಕಿಕೊಂಡ ನೀರಿನ ಆಮ್ಲಜನಕವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ; ಕರೆಂಟು ಬಂದಾಗ ಆ ಕೆಟ್ಟ ನೀರು ನೇರ ಟ್ಯಾಂಕಿಗೆ ಬೀಳುತ್ತದೆ. ಅಂಡರ್‌ಗ್ರಾವೆಲ್ಲಿನ ಗತಿಯೂ ಅದೇ. ದಿನಕ್ಕೆ ಮೂರ್ನಾಲ್ಕು ತಾಸು ಕರೆಂಟಿಲ್ಲದ ಊರಿನಲ್ಲಿ ನಾನಾದರೆ ತೆಳು ಮರಳು, ಬೇರು ಬಿಡುವ ಗಿಡ, ಏರ್ ಪಂಪಿನ ಸ್ಪಂಜ್ ಫಿಲ್ಟರ್, ಕಡಿಮೆ ಮೀನು ಎಂದೇ ಹೇಳುತ್ತೇನೆ. ಸಣ್ಣ ಏರ್ ಪಂಪು ತಿನ್ನುವುದು ನಾಲ್ಕೈದು ವಾಟ್, ಮನೆಯ ಇನ್ವರ್ಟರಿಗೆ ಅದು ಲೆಕ್ಕಕ್ಕೇ ಇಲ್ಲ. ಮಿಸ್ ಕೇರಳದ ಆಸೆಯನ್ನು ಆ ಊರಿನಲ್ಲಿ ಬಿಡಬೇಕಾಗುತ್ತದೆ.

ಇನ್ನುಳಿದದ್ದು ಬೆರಕೆ ಟ್ಯಾಂಕು, ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇರುವಂಥದ್ದು. ನಾಲ್ಕು ನೀರಿನ ಮೀನು ಒಂದರಲ್ಲೇ ಇರುವಾಗ ಯಾವ ತವರನ್ನು ನೋಡುವುದು? ಹೊಳೆಯಲ್ಲೂ ಒಂದೇ ವೇಗವಿಲ್ಲ. ಝರಿಯ ಪಕ್ಕದಲ್ಲೇ ಮಡು ಇರುತ್ತದೆ. ಮೂರಡಿಯ ಟ್ಯಾಂಕಿನಲ್ಲೂ ಅದನ್ನು ಮಾಡಬಹುದು: ಪಂಪಿನ ಮೂತಿಯ ಕೆಳಗೆ ಗುಂಡುಕಲ್ಲು, ನಡುವೆ ನೊರಜು, ಆಚೆ ತುದಿಗೆ ಮರಳು ಮತ್ತು ಗಿಡ. ಕೆಲವು ವಾರಗಳಲ್ಲಿ ನೀರೇ ಗಡಿಗಳನ್ನು ಅಷ್ಟಿಷ್ಟು ತಿದ್ದಿಕೊಳ್ಳುತ್ತದೆ, ಮೀನುಗಳೂ ತಮ್ಮ ಜಾಗ ಹಿಡಿಯುತ್ತವೆ. ಯಾವ ಮೀನೂ ಸುಳಿಯದ ಕಡೆಯಿದ್ದರೆ ಅಲ್ಲಿ ಸೆಳವು ಜಾಸ್ತಿಯಾಗಿದೆ. ಎಲ್ಲವೂ ಪಂಪಿನ ಬಾಯಿಗೇ ಮುತ್ತಿಕೊಂಡಿದ್ದರೆ ಮಿಕ್ಕ ಕಡೆ ಆಮ್ಲಜನಕ ಸಾಲದು. ಒಂದು ಎಚ್ಚರ: ಕಲ್ಲುಗಳನ್ನು ಮೊದಲು ಗಾಜಿನ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಬೇಕು. ಮರಳಿನ ಮೇಲೆ ಪೇರಿಸಿದ ಕಲ್ಲನ್ನು ಕೆದಕುವ ಮೀನು ಒಂದು ರಾತ್ರಿ ಉರುಳಿಸುತ್ತದೆ. ಫೈಟರನ್ನು ಮಾತ್ರ ಈ ಏರ್ಪಾಡಿನಲ್ಲೂ ಸೇರಿಸಬೇಡಿ. ಅದಕ್ಕೊಂದು ಬೇರೆ ಪುಟ್ಟ ಟ್ಯಾಂಕು, ಗಿಡ, ಮೆಲ್ಲಗೆ ಗುಳ್ಳೆ ಬಿಡುವ ಒಂದು ಸ್ಪಂಜು ಇದ್ದರೆ ಸಾಕು. ಗೋಡೆಯ ಮೇಲಿನ ನೀರಿನ ಪಂಪುಗಳಲ್ಲಿ ಯಾವುದೂ ಬೇಡ.